ಗಂಗಜ್ಜಿ ಚಿಪ್ಪು ಹಾಕಿದ ನಕ್ಷತ್ರ

"ಜಲಜಾ, ಬೇಗ ಬಾಮ್ಮ! ನಕ್ಷತ್ರ ಹೊತ್ತಿಸ್ತಿದೀನಿ!" ಎಂದು ಪಕ್ಕದ ಮನೆಯ ವಿರೂಪಾಕ್ಷಣ್ಣ ಕೂಗಿದರು. ನಾನು ಓಡಿದ್ದು ನಕ್ಷತ್ರ ನೋಡಲಿಕ್ಕಲ್ಲ, ನನ್ನ ಹಂಡೆ ನೋಡಲಿಕ್ಕೆ. ನೀರು ತುಂಬುವ ಹಬ್ಬಕ್ಕೆಂದು ಅವರು ಎರವಲು ಒಯ್ದಿದ್ದ ತಾಮ್ರದ ಹಂಡೆ. ಕಂಠದ ಮೇಲೆ ನನ್ನಮ್ಮನ ಹೆಸರು ಕೆತ್ತಿದೆ. ಅಮ್ಮನದೆಂದು ನನ್ನಲ್ಲಿ ಉಳಿದಿದ್ದು ಅದೊಂದೇ.

ಬಚ್ಚಲೊಲೆಯೊಳಗೆ ಒಂದು ಗಾಜಿನ ಬುರುಡೆ. ಅದರಲ್ಲಿ ನಿಂಬೆಹಣ್ಣಿನಷ್ಟು ನೀಲಿ ನಕ್ಷತ್ರ! ಮೇಲೆ ನನ್ನ ಹಂಡೆ, ತುಂಬ ನೀರು.

"ಈ ಕೊಳವೇಲಿ ಒಂದು ತೆಂಗಿನ ಚಿಪ್ಪು ಹಾಕಿದ್ರೆ ವರ್ಷಪೂರ್ತಿ ಬಿಸಿನೀರು!"

"ಜಾಸ್ತಿ ಹಾಕಿದ್ರೆ?"

"ಈ ತೂಕದ ಮುಳ್ಳು ನೂರನಲವತ್ತು ದಾಟಬಾರದು. ಅಷ್ಟು ಭಾರದ ನಕ್ಷತ್ರನ ಒಳಗಿನ ಬೆಳಕೇ ಎತ್ತಿ ಹಿಡಿದಿರುತ್ತೆ. ಬಿಸಿ ವಿಪರೀತ ಆದ್ರೆ ಬೆಳಕು ಕಣಗಳಾಗಿಬಿಡುತ್ತೆ. ಆಸರೆ ಹೋಯ್ತು, ನಕ್ಷತ್ರ ಒಳಕ್ಕೆ ಕುಸೀತು, ಎಲ್ಲಾ ಒಟ್ಟಿಗೇ ಹೊತ್ಕೊಂಡು ಢಂ! ಕಪ್ಪು ಕುಳಿನೂ ಉಳಿಯಲ್ಲ!"

"ಹಾಗಾದ್ರೆ ನನ್ನ ಹಂಡೆ ಇಳಿಸಿ!"

"ನಾನಿಲ್ವೇನಮ್ಮ?"

ಅವರಿದ್ದರು, ನಿಜ. ಅವರ ತಾಯಿ ಗಂಗಜ್ಜಿಯೂ ಇದ್ದರು. ತಿಪಟೂರಿನ ಬಚ್ಚಲೊಲೆಗೆ ಅರವತ್ತು ವರ್ಷ ಚಿಪ್ಪು ತುಂಬಿದ ಕೈ. ಒಲೆಯ ಮುಂದೆ ಸುಮ್ಮನೆ ಕೂತು ಗೊತ್ತಿಲ್ಲ. ನಾವು ಜಗಳವಾಡುವಷ್ಟರಲ್ಲಿ ಎರಡು ಚಿಪ್ಪು ತಳ್ಳಿದ್ದರು. ಮುಳ್ಳು ಎಂಬತ್ತಕ್ಕೇರಿತು.

"ಹೊಗೆನೇ ಇಲ್ವಲ್ಲೋ ವಿರೂಪಾ! ಉರಿ ಹತ್ತಿಲ್ಲ," ಎಂದು ಇನ್ನೆರಡು. ನೂರಮೂವತ್ತು! ಬಚ್ಚಲಿನ ಬಾಗಿಲು ಒಲೆಯ ಕಡೆಗೆ ವಾಲಿತು. ಹೊರಗೆ ಬಿಟ್ಟಿದ್ದ ನನ್ನ ಚಪ್ಪಲಿಗಳು ತಾವಾಗಿಯೇ ಒಳಗೆ ಬಂದವು.

"ಅಮ್ಮಾ, ಮುಟ್ಟಬೇಡ!"

"ಹಬ್ಬದ ದಿನ ತಣ್ಣೀರು ಹುಯ್ಕೊಳ್ಳಬೇಕೇನೋ?" ಎಂದು ಅಜ್ಜಿ ಚಿಪ್ಪಿನ ಬುಟ್ಟಿಯನ್ನೇ ಕೊಳವೆಗೆ ಮಗುಚಿದರು.

ನಕ್ಷತ್ರ ಸಾಸಿವೆಯಷ್ಟು ಕುಗ್ಗಿತು. "ನೋಡು, ಆರೇಹೋಯ್ತು," ಎಂದು ಅಜ್ಜಿ ಊದುಗೊಳವೆ ತೆಗೆದುಕೊಂಡು ಊದಿದರು.

ಢಂ!

ಕಣ್ಣು ಬಿಟ್ಟರೆ ಒಲೆಯಿಲ್ಲ, ಗಾಜಿಲ್ಲ, ಚಿಟಿಕೆ ಬೂದಿಯೂ ಇಲ್ಲ. ಹಂಡೆಯಿಲ್ಲ! ನೀರು ಮಾತ್ರ ಹಂಡೆಯ ಆಕಾರದಲ್ಲೇ ಒಂದು ಗಳಿಗೆ ಗಾಳಿಯಲ್ಲಿ ನಿಂತು, ಆಮೇಲೆ ಮೂವರ ತಲೆಯ ಮೇಲೂ ಸುರಿಯಿತು.

"ಈಗ ಹದವಾಗಿದೆ," ಎಂದರು ಗಂಗಜ್ಜಿ.

"ಏನೂ ಉಳಿಯಲಿಲ್ಲ! ನಾನು ಹೇಳಿದ ಹಾಗೇ ಆಯ್ತು!" ಎಂದು ವಿರೂಪಾಕ್ಷಣ್ಣ ಕುಣಿದರು. ನನಗೆ ಅಳು ತಡೆಯಲಾಗಲಿಲ್ಲ.

ಮರುದಿನ ಅವರು ಮುಖ ಸಪ್ಪಗೆ ಮಾಡಿಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದರು. ಬೊಗಸೆಯಲ್ಲಿ ಸಕ್ಕರೆ.

"ಎರವಲು ತಂದ ಪಾತ್ರೆ ಖಾಲಿ ವಾಪಸ್ ಕೊಡಬಾರದು ಅಂತ ಅಮ್ಮ ಕಳಿಸಿದ್ಲು."

ಸೆರಗಿಗೆ ಸುರಿಸಿಕೊಂಡೆ. ಏನೇ ಹೇಳಿ, ಸಂಪ್ರದಾಯದಲ್ಲಿ ಆ ಮನೆಯವರು ಒಂದಿಷ್ಟೂ ತಪ್ಪುವವರಲ್ಲ.