ಚೆಂಡು ಕೊಟ್ಟವಳು, ಅಡ್ಡ ನಿಂತವಳು

ಹಾಸ್ಟೆಲ್ ಮೇಟ್ರನ್ ಹುಡುಗಿಯರ ಮುಂದೆ ನಗಬಾರದು. ಕೆಲಸದಲ್ಲಿದ್ದಷ್ಟು ಕಾಲವೂ ನಾನು ಈ ನಿಯಮ ಪಾಲಿಸಿದೆ. ಆದರೆ ಅದನ್ನು ಮುರಿಯುವಂಥ ಪ್ರಸಂಗಗಳು ಎಲ್ಲಿಂದಲೋ ಬಂದು ಎದುರು ನಿಲ್ಲುತ್ತಿದ್ದವು. ಬಹುಪಾಲು ಬ್ಯಾಸ್ಕೆಟ್‌ಬಾಲ್ ಕೋರ್ಟಿನಿಂದಲೇ.

ರಾಮನಗರದ ನಮ್ಮ ಮಹಿಳಾ ಕಾಲೇಜಿನ ತಂಡಕ್ಕೆ ನಾನೇ ಮ್ಯಾನೇಜರು. ನಾನು ಓದಿದ ಕಾನ್ವೆಂಟಿನಲ್ಲಿ ಆ ಆಟ ಆಡಿದ್ದೆ, ಅದೂ ಷೂಗೆ ಪಾಲಿಶ್ ಇಲ್ಲದೆ ಕೋರ್ಟಿಗೆ ಕಾಲಿಡಬಾರದು ಎನ್ನುವ ಸಿಸ್ಟರುಗಳ ಕೈಕೆಳಗೆ. ಆ ವರ್ಷ ಪ್ರಿನ್ಸಿಪಾಲರು ಕರೆದು, "ಈ ಸಲ ಕಪ್ ಬರದಿದ್ರೆ ಕೋರ್ಟ್ ಜಾಗದಲ್ಲಿ ಸೈಕಲ್ ಸ್ಟ್ಯಾಂಡ್ ಕಟ್ಟಿಸ್ತೀನಿ ಮೇಡಂ," ಎಂದರು. ಹೆಣ್ಣುಮಕ್ಕಳು ಓಡಿ ಆಡಲು ಊರಿನಲ್ಲಿ ಇದ್ದುದು ಅದೊಂದೇ ಬಯಲು. "ಕಪ್ ಬರುತ್ತದೆ," ಎಂದು ಹೇಳಿ ಹೊರಗೆ ಬಂದೆ. ಹೇಗೆ ಬರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ.

ಚನ್ನಪಟ್ಟಣದ ಕಡೆಯ ನಮ್ಮ ಕ್ಯಾಪ್ಟನ್ ರಿಂಗಿಗೆ ಚೆನ್ನಾಗಿ ಚೆಂಡು ಹಾಕುತ್ತಿದ್ದಳು. ಚಪ್ಪಾಳೆಯೆಲ್ಲ ಅವಳಿಗೇ ಸಿಕ್ಕಿದೆ. ಇಲ್ಲಿ ಬರೆಯುವುದು ಯಾರೂ ಚಪ್ಪಾಳೆ ತಟ್ಟದ ಮೂವರ ಬಗ್ಗೆ.

ಅಡ್ಡ ನಿಲ್ಲುವವಳು

ಮೊದಲನೆಯವಳು ಸಾತನೂರಿನ ಕಡೆಯವಳು. ರಿಂಗಿನ ಕಡೆ ತಲೆ ಎತ್ತಿಯೂ ನೋಡುತ್ತಿರಲಿಲ್ಲ. ಎದುರಿನವರು ನುಗ್ಗುವ ದಾರಿಗೆ ಅಡ್ಡ ನಿಲ್ಲುವುದಷ್ಟೇ ಅವಳ ಕೆಲಸ. ನಿಂತರೆ ಗೋಡೆ.

"ಎಲ್ಲಿ ಕಲಿತೆ?" ಎಂದು ಕೇಳಿದೆ.

"ನಮ್ಮನೆ ಹಸ ಹಗ್ಗ ಕಿತ್ಕಂಡು ಹಿಪ್ಪುನೇರಳೆ ತೋಟಕ್ಕೆ ನುಗ್ತದೆ ಮೇಡಂ. ನಾನೇ ಅಡ್ಡ ನಿಂತ್ಕಳದು. ಒಸಿ ಪಕ್ಕಕ್ಕೋದ್ರೂ ಮುಗೀತು, ಸೊಪ್ಪೆಲ್ಲ ಅದ್ರ ಹೊಟ್ಟೆಗೆ."

ಒಂದು ಸಂಜೆ ಅಭ್ಯಾಸದಲ್ಲಿ ಕ್ಯಾಪ್ಟನ್ ರಭಸವಾಗಿ ನುಗ್ಗಿ ಬಂದಾಗ ಈ ಹುಡುಗಿ ಎರಡೂ ಕೈ ಅಗಲಿಸಿ, "ಹೋ... ಹೋ!" ಎಂದು ಕೂಗಿಬಿಟ್ಟಳು. ದನ ಸಾಕಿದ ಮನೆಗಳಲ್ಲಿ ಒಂದು ರೂಢಿ ಇದೆ: ಆ ಕೂಗು ಕೇಳಿದರೆ ಹತ್ತಿರದಲ್ಲಿದ್ದವರೆಲ್ಲ ಇದ್ದಲ್ಲೇ ಕೈ ಅಗಲಿಸಿ ನಿಲ್ಲಬೇಕು, ದನಕ್ಕೆ ಸಂದು ಸಿಗಬಾರದು. ನಮ್ಮ ಹುಡುಗಿಯರು ಹುಟ್ಟಿದಾಗಿನಿಂದ ಮಾಡಿದ ಕೆಲಸ ಅದು. ಎಲ್ಲರೂ ನಿಂತರು. ಕ್ಯಾಪ್ಟನ್ ಕೂಡ ಚೆಂಡು ಬಿಟ್ಟು ಕೈ ಅಗಲಿಸಿದಳು. ಓಡುತ್ತಲೇ ಇದ್ದವಳು ಒಬ್ಬಳೇ, ರಾಮನಗರದ ರೇಷ್ಮೆ ನೂಲು ತೆಗೆಯುವವರ ಮಗಳು. ಅವಳ ಮನೆಯಲ್ಲಿ ಗೂಡು ಬೇಯಿಸುವ ಬಾಣಲೆಗಳಿದ್ದವೇ ಹೊರತು ದನ ಇರಲಿಲ್ಲ.

ನಾನು ಕೋರ್ಟಿನ ನಡುವೆ ಹೋಗಿ ನಿಂತೆ. "ಸೀಟಿ ಊದುವ ತನಕ ಆಟ ನಿಲ್ಲಕೂಡದು. ಇಲ್ಲಿ ಹಸು ಎಲ್ಲಿದೆ?"

ಕ್ಯಾಪ್ಟನ್ ಕೈ ಇಳಿಸದೆ ಹೇಳಿದಳು: "ಅದನ್ನೇ ನೋಡ್ತಾ ಇದೀವಿ ಮೇಡಂ."

ಬೆಂಚಿನ ಮೇಲಿನ ಮದುಮಗಳು

ಎರಡನೆಯವಳು ಮಾಗಡಿಯವಳು. ಅವಳು ಬೆಂಚು ಬಿಟ್ಟು ಎದ್ದದ್ದೇ ಅಪರೂಪ. ಆದರೆ ಅವಳಿಲ್ಲದೆ ತಂಡ ಹೊರಡುತ್ತಲೇ ಇರಲಿಲ್ಲ. ಆಟಕ್ಕೆ ಇಳಿಯುವವರು ಒಡವೆ ಹಾಕಿಕೊಳ್ಳುವಂತಿಲ್ಲ. ಒಡವೆ ಬಿಚ್ಚಿಟ್ಟರೆ ಕಳೆದೀತು ಎಂದು ತಾಯಂದಿರು ಮಕ್ಕಳನ್ನು ಕಳಿಸುತ್ತಿರಲಿಲ್ಲ. ಇದಕ್ಕೆ ಅವಳೇ ದಾರಿ ಕಂಡುಹಿಡಿದಳು. ಎಲ್ಲರ ಬಳೆ, ಸರ, ಓಲೆ, ಕಾಲುಗೆಜ್ಜೆಗಳನ್ನು ತಾನೇ ಹಾಕಿಕೊಂಡು ಕೂರುತ್ತಿದ್ದಳು. ಗಂಟು ಕಟ್ಟಿಟ್ಟರೆ ಮರೆತುಹೋಗಬಹುದು, ಮೈಮೇಲಿದ್ದರೆ ಮರೆಯುವುದಿಲ್ಲ ಎನ್ನುವುದು ಅವಳ ವಾದ.

ಚನ್ನಪಟ್ಟಣದ ಪಂದ್ಯದಲ್ಲಿ ದೊಡ್ಡ ಕುಂಕುಮದ ಒಬ್ಬ ಹೆಂಗಸು ನನ್ನ ಪಕ್ಕ ಬಂದು ಕುಳಿತರು. ಆಟದ ಕಡೆ ಅವರ ಕಣ್ಣೇ ಇಲ್ಲ, ನೋಟವೆಲ್ಲ ನಮ್ಮ ಬೆಂಚಿನ ಮೇಲೆ.

"ಆ ಮಗ ಯಾರ ಮನೇದವ್ವಾ?"

"ಮಾಗಡಿಯವಳು. ನಮ್ಮ ವಿದ್ಯಾರ್ಥಿನಿ."

"ಒಳ್ಳೆ ಕುಳವೇ ಇರ್ಬೇಕು. ನಮ್ಮುಡುಗಂಗೂ ಹೆಣ್ಣು ನೋಡ್ತಾ ಇದೀವಿ. ಎಷ್ಟು ಲಕ್ಷಣವಾಗಿ ಕೂತವ್ಳೆ ನೋಡಿ, ಆ ಗಂಡುಬೀರಿಗಳಂಗೆ ಕುಣೀದೆ."

ಅಷ್ಟರಲ್ಲಿ ಆಟ ಮುಗಿಯಿತು. ಗೆದ್ದ ಖುಷಿಯಲ್ಲಿ ಹುಡುಗಿಯರೆಲ್ಲ ಬೆಂಚಿಗೆ ನುಗ್ಗಿದರು. ಒಬ್ಬಳು ಸರ ತೆಗೆದಳು, ಒಬ್ಬಳು ಓಲೆ ಬಿಚ್ಚಿದಳು, ಇನ್ನೊಬ್ಬಳು ಕಾಲ ಬಳಿ ಕೂತು ಗೆಜ್ಜೆ ಕಳಚಿದಳು. ಕ್ಷಣದಲ್ಲಿ ನಮ್ಮ ಮಾಗಡಿಯ ಹುಡುಗಿ ಬರೀ ತನ್ನ ಗಾಜಿನ ಬಳೆಯಲ್ಲಿ ಉಳಿದಳು.

ಆ ಹೆಂಗಸು ಎದೆ ಹಿಡಿದು ಎದ್ದರು. "ಅಯ್ಯೋ, ಕಣ್ಮುಂದೇನೇ ನಮ್ ಸೊಸೇನ ದೋಚ್ಬುಟ್ರಲ್ಲವ್ವಾ!"

ಚೆಂಡು ಕೊಡುವವಳು

ಮೂರನೆಯವಳು ಆಗಲೇ ಹೇಳಿದ ನೂಲಿನ ಮನೆಯ ಹುಡುಗಿ. ಅವಳ ಕೈಗೆ ಬಂದ ಚೆಂಡು ಮರುಗಳಿಗೆಗೆ ಸರಿಯಾದವಳ ಕೈಯಲ್ಲಿರುತ್ತಿತ್ತು. ತಾನಾಗಿ ಹಾಕಿದ್ದೇ ಇಲ್ಲ. "ನೀನೂ ಒಮ್ಮೆ ಹಾಕು," ಎಂದರೆ, "ಬೇಡ ಮೇಡಂ, ಅವ್ಳು ಚೆನ್ನಾಗ್ ಹಾಕ್ತಾಳೆ," ಎನ್ನುವಳು.

ಒಂದು ಪಂದ್ಯದಲ್ಲಿ ಎದುರಿನವರು ನಮ್ಮವರನ್ನೆಲ್ಲ ಮುತ್ತಿಕೊಂಡಿದ್ದರು. ನಾನು ಒಂದು ಕೈಯಲ್ಲಿ ಛತ್ರಿ, ಒಂದು ಕೈಯಲ್ಲಿ ಫ್ಲಾಸ್ಕ್ ಹಿಡಿದು ಗೆರೆಯಾಚೆ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದೆ. "ಹಿಡ್ಕೊಳ್ಳಿ ಮೇಡಂ!" ಎಂಬ ಕೂಗು ಬಂತು, ಹಿಂದೆಯೇ ಚೆಂಡು ಬಂದು ನನ್ನ ಮಡಿಲಲ್ಲಿ ಕೂತಿತು.

ಆಟ ಮುಗಿದ ಮೇಲೆ ಕರೆದು ಕೇಳಿದೆ. "ನಾನು ಆಟಗಾರ್ತಿಯೇ? ನನಗೇಕೆ ಕೊಟ್ಟೆ?"

ಅವಳು ತಲೆ ತಗ್ಗಿಸಿದಳು. "ನಿಮ್ ಹತ್ರ ಬರಕ್ಕೆ ಯಾರಿಗೂ ಧೈರ್ಯ ಇರ್ಲಿಲ್ಲ ಮೇಡಂ."

ಕನಕಪುರದ ಫೈನಲ್

ಹೇಗೋ ಫೈನಲ್ ತಲುಪಿದೆವು. ಎದುರು ಕನಕಪುರದ ಕಾಲೇಜು, ಅವರದೇ ಕೋರ್ಟು. ಕೊನೆಯ ಗಳಿಗೆಯಲ್ಲಿ ನಾವು ಒಂದೇ ಅಂಕ ಹಿಂದಿದ್ದೆವು. ಚೆಂಡು ನೂಲಿನ ಮನೆಯ ಹುಡುಗಿಯ ಕೈಗೆ ಬಂತು. ಕ್ಯಾಪ್ಟನ್ ಎಲ್ಲಿದ್ದಾಳೆಂದು ಅವಳು ಹುಡುಕುತ್ತಿದ್ದಳು. ನನ್ನ ಕಣ್ಣಿಗೆ ಸೈಕಲ್ ಸ್ಟ್ಯಾಂಡಿನ ತಗಡು ಕಾಣಿಸುತ್ತಿತ್ತು.

ಆಗ ಮುರಿದ ಕಾಂಪೌಂಡಿನ ಸಂದಿನಿಂದ ಒಂದು ಸೀಮೆ ಹಸು ಕೋರ್ಟಿನ ಕಡೆ ಓಡಿ ಬಂತು. ಈ ಸಲ ನಿಜವಾದ ಹಸು.

"ಹೋ... ಹೋ!" ಸಾತನೂರಿನವಳ ಗಂಟಲು ಮೊಳಗಿತು.

ನಮ್ಮವರು ನಿಂತರು. ಎದುರಿನ ತಂಡದವರೂ ರೈತರ ಮಕ್ಕಳೇ, ಅವರೂ ಕೈ ಅಗಲಿಸಿ ನಿಂತರು. ಅವರ ಕೋಚ್ ನಿಂತರು. ಬೆಂಚಿನಿಂದ ನಮ್ಮ ಮಾಗಡಿಯವಳು ಗಲಗಲ ಎಂದು ಎದ್ದು ನಿಂತಳು. ರೆಫರಿ ಕಲ್ಯದ ಕಡೆಯ ಬೇಸಾಯದ ಮನೆಯವರು; ಸೀಟಿ ಬಾಯಿಂದ ಜಾರಿ ದಾರದಲ್ಲಿ ನೇತಾಡುತ್ತಿತ್ತು, ಅವರೂ ಕೈ ಅಗಲಿಸಿದ್ದರು.

ಚೆಂಡು ಹಿಡಿದವಳು ಕಂಗಾಲಾದಳು. "ಹಿಡ್ಕೊಳ್ರೇ! ಯಾರಾದ್ರೂ ಹಿಡ್ಕೊಳ್ರೇ!" ಎಲ್ಲರ ಕಣ್ಣೂ ಹಸುವಿನ ಮೇಲೆ. ಅವಳು ಮೆಲ್ಲನೆ ನನ್ನ ಕಡೆ ತಿರುಗಿದಳು. ನಾನು ಛತ್ರಿ, ಫ್ಲಾಸ್ಕ್ ಎರಡನ್ನೂ ಬೆನ್ನ ಹಿಂದೆ ಅಡಗಿಸಿ, ಜೀವನದಲ್ಲಿ ಮೊದಲ ಬಾರಿಗೆ ಜನರ ನಡುವೆ ಕಿರುಚಿದೆ: "ಹಾಕೇ!"

ಅವಳು ಕಣ್ಣು ಮುಚ್ಚಿ ಎಸೆದಳು. ಚೆಂಡು ರಿಂಗಿನ ಸುತ್ತ ಸುತ್ತಿ ಒಳಗೆ ಬಿತ್ತು. ಹಸು ಬಂದ ದಾರಿಯಲ್ಲೇ ವಾಪಸ್ ಹೋಯಿತು. ಸಮಯವೂ ಮುಗಿಯಿತು.

ಕನಕಪುರದ ಕೋಚ್ ಹಾರಿ ಬಂದರು. "ಆಟ ನಿಂತಿತ್ತು ಸ್ವಾಮಿ!"

"ನಾನು ಸೀಟಿ ಊದಿಲ್ವಲ್ಲ," ಎಂದರು ರೆಫರಿ.

"ಊದದ್ ಬುಟ್ಟು ಕೈ ಅಗಲಿಸ್ಕಂಡ್ ನಿಂತಿದ್ರಲ್ರೀ!"

"ನೀವೂ ನಿಂತಿದ್ರಲ್ಲ. ಹಸ ಬಂದ್ರೆ ಬುಡಾಕಾಯ್ತದಾ?"

"ಅವ್ರ ಹುಡುಗಿ ಕೂಗಿದ್ದು!"

ನಾನು ಎದ್ದು ಸೀರೆಯ ನೆರಿಗೆ ಸರಿಪಡಿಸಿಕೊಂಡೆ. "ಕೂಗು ನಮ್ಮದು, ಒಪ್ಪುತ್ತೇನೆ. ಕಾಂಪೌಂಡು ನಿಮ್ಮದು, ಹಸು ನಿಮ್ಮದು. ನಿಮ್ಮ ಕಡೆ ಒಬ್ಬರು ಹೆಚ್ಚಾಗಿ ಆಡಿದ್ದನ್ನು ನಾವು ದೂರಲಿಲ್ಲ."

ಅಂಕ ಉಳಿಯಿತು. ಕಪ್ ಬಂತು. ಕೋರ್ಟು ಈಗಲೂ ಅಲ್ಲೇ ಇದೆ, ಸೈಕಲ್‌ಗಳು ಮರದ ಕೆಳಗಿವೆ.

ಎಲ್ಲರೂ ಕುಣಿಯುತ್ತಿದ್ದಾಗ ಗೆಲ್ಲಿಸಿದವಳು ಮಾತ್ರ ಅಳುಮುಖ ಮಾಡಿಕೊಂಡು ನನ್ನೆದುರು ಬಂದು ನಿಂತಳು.

"ತಪ್ಪಾಯ್ತು ಮೇಡಂ. ಎಷ್ಟ್ ಹುಡುಕಿದ್ರೂ ಕೊಡಕ್ಕೆ ಯಾರೂ ಸಿಗ್ಲಿಲ್ಲ."

ನಗಬಾರದು ಎಂದು ತುಟಿ ಬಿಗಿಹಿಡಿದೆ. "ಇದೊಂದು ಸಲ ಕ್ಷಮಿಸಿದ್ದೇನೆ," ಎಂದೆ.