ಸೋದರಮಾವನ ಕೋವಿ ಮತ್ತು ಹೆಬ್ಬಾಳದ ಕೆರೆ

ಹೆಬ್ಬಾಳದ ಕೆರೆಯ ಮೇಲೆ ಹದಿನಾಲ್ಕು ವರ್ಷ ಹಗೆ ಸಾಧಿಸಿದವರು ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ಅದು ನಮ್ಮ ಸೋದರಮಾವ ಒಬ್ಬರೇ! ಊರಿನವರೆಲ್ಲ ಸಂಜೆ ಏರಿಯ ಮೇಲೆ ತಂಗಾಳಿಗೆ ಓಡಾಡುತ್ತಿದ್ದರೆ ನಮ್ಮ ಮಾವ ಮನೆಯ ಕಿಟಕಿಗಳನ್ನೆಲ್ಲ ದಡಬಡ ಮುಚ್ಚುತ್ತಿದ್ದರು. "ಶುರುವಾಯ್ತು ನೋಡು ಶನಿ, ತೇವ ಉಗುಳಕ್ಕೆ!" ಎಂದು ಬೈಯುತ್ತಿದ್ದರು. ಪಾಪ, ಕೆರೆ ಅವರಿಗೇನು ಮಾಡಿತ್ತು? ತನ್ನ ಪಾಡಿಗೆ ತಾನು ನೀರು ತುಂಬಿಕೊಂಡು ಬಿದ್ದಿತ್ತು. ಆದರೆ ಮಾವನ ಮನೆಯಲ್ಲಿ ಒಂದು ಕೋವಿ ಇತ್ತಲ್ಲ!

ಆ ಕೋವಿ ಅವರದ್ದೂ ಅಲ್ಲ. ಮಾವ ದನದ ಆಸ್ಪತ್ರೆಯಲ್ಲಿ ಕಾಂಪೌಂಡರು, ಮದುವೆ ಮಾಡಿಕೊಳ್ಳದ ಒಂಟಿ ಜೀವ. ಹತ್ತಿರದ ಸಿಂಗಾಪುರ ಅನ್ನುವ ಹಳ್ಳಿಯಲ್ಲಿ ಅವರಿಗೊಬ್ಬ ಬಾಲ್ಯದ ಗೆಳೆಯನಿದ್ದ. ಇಬ್ಬರೂ ಕೋವಿ ಹೊತ್ತು ಚಿಕ್ಕಬಾಣಾವರದ ಕಡೆ ಹಂದಿ ಬೇಟೆಗೆ ಹೋಗಿ, ಹಂದಿಯ ಬಾಲವನ್ನೂ ಕಾಣದೆ, ಯಾರದೋ ಹೊಲದ ಕಡಲೆಕಾಯಿ ತಿಂದು ಬರುತ್ತಿದ್ದರಂತೆ. ಆ ಗೆಳೆಯನಿಗೆ ಬೊಂಬಾಯಿಯಲ್ಲಿ ಕೆಲಸ ಸಿಕ್ಕಿತು. ಲೈಸೆನ್ಸನ್ನು ಮಾವನ ಹೆಸರಿಗೆ ಮಾಡಿಸಿ, "ಎರಡು ವರ್ಷ ನೋಡ್ಕೊಳೋ, ಬಂದು ತಗೊಂಡ್ ಹೋಗ್ತೀನಿ. ತುಕ್ಕು ಹಿಡಿಸ್ಬೇಡ" ಅಂದ. ಅವನು ಅತ್ತ ರೈಲು ಹತ್ತಿದ, ಮಾವ ಇತ್ತ ಎಣ್ಣೆಬಟ್ಟೆ ಹಿಡಿದರು.

ಆಮೇಲಿನದು ಕೇಳಬೇಕು! ಗೆಳೆಯ ಕೋವಿಯ ಜೊತೆ ಒಂದು ಚೆಂದದ ಚರ್ಮದ ಚೀಲ ಕೊಟ್ಟಿದ್ದ. ಚರ್ಮ ತೇವ ಹೀರುತ್ತದೆಂದು ಮಾವ ಅದರಲ್ಲಿ ಈರುಳ್ಳಿ ತುಂಬಿಟ್ಟರು. ಎಮ್ಮೆಯ ಕೆಚ್ಚಲಿಗೆ ಹಚ್ಚುವ ವ್ಯಾಸಲೀನನ್ನು ಅಂಗಡಿಯಿಂದ ತಂದು ಕೋವಿಗೆ ತೆಳ್ಳಗೆ ಬಳಿದರು. ದಪ್ಪಗೆ ಬಳಿದರೆ ಧೂಳು ಕೂರುತ್ತದಂತೆ. ಬೀರುವಿನಲ್ಲಿ ಅದನ್ನು ತಲೆಕೆಳಗಾಗಿ ನಿಲ್ಲಿಸಿದರು, ಇಲ್ಲವಾದರೆ ಎಣ್ಣೆ ಇಳಿದು ಮರದ ಹಿಡಿ ಕೊಳೆಯುತ್ತದಂತೆ. ಇಷ್ಟೆಲ್ಲ ಮಾಡುವವರ ತಲೆಗೂದಲು ಎಣ್ಣೆ ಕಂಡು ಎಷ್ಟು ತಿಂಗಳಾಗಿತ್ತೋ ದೇವರೇ ಬಲ್ಲ!

ನನಗೆ ಮದುವೆಯಾಗಿ ಯಲಹಂಕಕ್ಕೆ ಬಂದ ಹೊಸತರಲ್ಲಿ ನಮ್ಮ ಯಜಮಾನರನ್ನು ಮಾವನ ಮನೆಗೆ ಕರೆದುಕೊಂಡು ಹೋದೆ. ಇವರೋ ಕೋವಿ ಕಂಡವರೇ ಹೋಗಿ ನಳಿಗೆ ಹಿಡಿದುಬಿಟ್ಟರು.

"ಕೈ ತೊಳ್ಕೊಂಡಿದ್ರಾ?" ಮಾವ ಕೇಳಿದರು.

"ತೊಳ್ಕೊಂಡೆ ಮಾವ."

"ಒರೆಸ್ಕೊಂಡ್ರಾ?"

"ಒರೆಸ್ಕೊಂಡೆ."

"ಬೆವರ್ತಾ ಇದೆಯಾ?"

"ಈಗ ಶುರುವಾಯ್ತು ಮಾವ!" ಎಂದರು ಇವರು.

ಹೊಸ ಅಳಿಯಂದಿರಿಗೆ ಅವತ್ತು ಸಿಕ್ಕಿದ್ದು ಅರ್ಧ ಗಂಟೆ ಕೋವಿ ಒರೆಸುವ ದೃಶ್ಯ. ಉಪ್ಪಿಟ್ಟು ಬಾಣಲೆಯಲ್ಲೇ ಸೀದುಹೋಯಿತು.

ಒಂದು ಮಳೆಗಾಲದಲ್ಲಿ ಮಾವನ ತಲೆಯಲ್ಲಿ ಯಾರೋ ತುಂಬಿದರು: ಬೀರುವಿನಲ್ಲಿ ಸುಡುಗಲ್ಲು, ಅಂದರೆ ನೀರು ಹಾಕದ ಸುಣ್ಣದ ಕಲ್ಲು ಇಟ್ಟರೆ ತೇವವನ್ನೆಲ್ಲ ಅದೇ ಕುಡಿಯುತ್ತದೆ ಎಂದು. ಮಾವನದು ಏನಿದ್ದರೂ ಧಾರಾಳ. ದೊಡ್ಡ ಗಡಿಗೆಯ ತುಂಬ ತುಂಬಿ, ಮುಚ್ಚಳ ಬಿಗಿದು, ಅದಕ್ಕೆ ಒಂದೇ ಒಂದು ತೂತು ಕೊರೆದರು. ಮೇಲೆ ಹೆಂಚು ಸೋರಿ ಬೀರುವಿನೊಳಗೆ ನೀರಿಳಿಯುತ್ತದೆ ಎನ್ನುವುದು ಮಾತ್ರ ನೆನಪಾಗಲಿಲ್ಲ! ನೀರು ಕುಡಿದ ಸುಣ್ಣ ಕುದಿದು, ಉಬ್ಬಿ, ಢಬ್ ಎಂದು ಗಡಿಗೆಯನ್ನೇ ಸೀಳಿತು. ಬೀದಿಯೆಲ್ಲ ಬಾಗಿಲಿಗೆ ಬಂತು.

"ಏನ್ ಸ್ವಾಮೇರೆ, ಯಾರ್ಗ್ ಒಡುದ್ರಿ?" ಎಂದು ಪಕ್ಕದ ತೋಟದ ಗೌಡರು ಏದುಸಿರು ಬಿಡುತ್ತ ಕೇಳಿದರು.

"ಯಾರ್ಗೂ ಇಲ್ಲ ಗೌಡ್ರೇ, ಬನ್ನಿ ಬನ್ನಿ, ಒಳಗ್ ಬನ್ನಿ!"

ಮೈಯೆಲ್ಲ ಸುಣ್ಣ ಮೆತ್ತಿಕೊಂಡೇ ಮಾವ ಹನ್ನೆರಡು ಜನಕ್ಕೆ ಕಾಫಿ ಮಾಡಿದರು. ಲೋಟ ಸಾಲದೆ ಆಸ್ಪತ್ರೆಯ ಔಷಧಿ ಅಳೆಯುವ ಗ್ಲಾಸುಗಳೂ ಹೊರಬಂದವು. ಎಲ್ಲರೂ ಎದ್ದು ಹೊರಟಾಗ, "ಇನ್ನೊಂದ್ ಸ್ವಲ್ಪ ಹೊತ್ತು ಕೂತ್ಕೊಳ್ಳಿ, ಏನ್ ಅವಸರ?" ಎಂದು ಬಾಗಿಲಿಗೆ ಅಡ್ಡ ನಿಂತರಂತೆ. ಮುಂದಿನ ಭಾನುವಾರ ನಾನು ಹೋದಾಗ, ಹನ್ನೆರಡು ಜನ ಮನೆಗೆ ಬಂದಿದ್ದನ್ನು ಮಾವ ಮೂರು ಸಲ ಹೇಳಿದರು.

ಪ್ರತಿ ತಿಂಗಳೂ ಬೊಂಬಾಯಿಗೆ ಒಂದು ಕಾರ್ಡು ಹೋಗುತ್ತಿತ್ತು. "ನಿನ್ನ ಕೋವಿ ಕ್ಷೇಮ. ಮಳೆಗೆ ಹಿಡಿಯ ಹತ್ತಿರ ಚೂರು ಕೆಂಪಾಗಿತ್ತು, ಈಗ ಗುಣವಾಗಿದೆ. ಯಾವಾಗ ಬರುತ್ತೀ?" ಮೊದಮೊದಲು ಎರಡು ಪುಟದ ಉತ್ತರ ಬರುತ್ತಿತ್ತು. ಆಮೇಲೆ ಎರಡು ಸಾಲಾಯಿತು. ಆಮೇಲೆ ಅದೂ ನಿಂತಿತು. ಮಾವ ಮಾತ್ರ ನಿಲ್ಲಿಸಲಿಲ್ಲ. ಅವರು ಆಸ್ಪತ್ರೆಯಿಂದ ನಿವೃತ್ತರಾದ ಮೇಲಂತೂ ವಾರಕ್ಕೊಮ್ಮೆ ಒರೆಸುತ್ತಿದ್ದ ಕೋವಿಯನ್ನು ದಿನಾ ಒರೆಸತೊಡಗಿದರು.

ಹದಿನಾಲ್ಕನೆಯ ವರ್ಷ ಗೆಳೆಯ ಬಂದೇಬಿಟ್ಟ! ಯಶವಂತಪುರದಲ್ಲಿ ಯಾರದೋ ಮದುವೆಯಂತೆ. ಮಾವ ನನಗೆ ಹೇಳಿಕಳಿಸಿದರು, ನಾನು ಹೋಗಿ ಒಬ್ಬಟ್ಟು ಮಾಡಿದೆ. ಮಾವನಿಗೆ ಹೊಸ ಶರ್ಟು, ಕೋವಿಗೆ ಹೊಸ ಬಟ್ಟೆ. ಟ್ಯಾಕ್ಸಿಯನ್ನು ಬಾಗಿಲಲ್ಲೇ ಕಾಯಲು ಹೇಳಿ ಆತ ಒಳಗೆ ಬಂದ. ಮಾವ ಎರಡೂ ಕೈಯಲ್ಲಿ ಹಿಡಿದು ನೀಡಿದ ಕೋವಿಯನ್ನು ನೋಡಿ ಆತ ಗಹಗಹಿಸಿ ನಕ್ಕ.

"ಅಯ್ಯೋ ಮಾರಾಯ, ಇದಿನ್ನೂ ಇಟ್ಕೊಂಡಿದ್ಯಾ? ನಂಗೆ ಮರೆತೇ ಹೋಗಿತ್ತು ಕಣೋ! ಬೊಂಬಾಯಿನಲ್ಲಿ ಇದನ್ನ ತಗೊಂಡು ಏನ್ ಮಾಡ್ಲಿ? ಯಾರಿಗಾದ್ರೂ ಕೊಟ್ಬಿಡು."

ಹದಿನೈದು ನಿಮಿಷ ಇದ್ದನೋ ಇಲ್ಲವೋ. ಮುಹೂರ್ತಕ್ಕೆ ಹೊತ್ತಾಯಿತೆಂದು ಹೊರಟೇಬಿಟ್ಟ. ಒಬ್ಬಟ್ಟು ಎಲೆಯ ಮೇಲೆ ಹಾಗೇ ಇತ್ತು.

ನನಗೆ ಮೈಯೆಲ್ಲ ಉರಿಯಿತು. "ಹದಿನಾಲ್ಕು ವರ್ಷ ಜೀವ ತೇಯ್ದಿರಲ್ಲ ಮಾವ, ಮರೆತೇ ಹೋಗಿತ್ತಂತೆ!" ಎಂದು ಕೂಗಾಡಿದೆ.

ಮಾವ ಕೋವಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಜಗಲಿಯಲ್ಲಿ ಕೂತಿದ್ದರು. ಟ್ಯಾಕ್ಸಿ ಹೋದ ದಾರಿಯನ್ನೇ ನೋಡುತ್ತಿದ್ದರು.

"ಅವನು ಮರೆತಿದಾನೆ ಅಂತ ನಂಗೆ ಯಾವತ್ತೋ ಗೊತ್ತಿತ್ತು ಕಣಮ್ಮ" ಎಂದರು. "ಆದ್ರೂ ಅವನ ಸಾಮಾನು ನನ್ನ ಹತ್ರ ಇರೋವರ್ಗೂ ಒಂದಲ್ಲ ಒಂದಿನ ಬರ್ಲೇಬೇಕಲ್ಲ, ಅಂತಿದ್ದೆ. ಬಂದ. ಇನ್ನು ಈ ಮನೆಗೆ ಬರಕ್ಕೆ ಅವನಿಗೆ ಏನ್ ಕೆಲಸ ಇದೆ ಹೇಳು?"

ಇಷ್ಟು ವರ್ಷ ಮನೆಮನೆಗೂ ಮಾವನ ಕಥೆ ಹೇಳಿ ನಗಿಸಿದ್ದೆನಲ್ಲ ಎಂದು ನಾಚಿಕೆಯಾಯಿತು. ಹೋಗಿ ಅವರ ಪಕ್ಕದಲ್ಲಿ ಕೂತೆ. ಯಲಹಂಕದ ಬಸ್ಸು ಬಂತು, ನಿಂತಿತು, ಹೋಯಿತು. ನಾನು ಏಳಲಿಲ್ಲ.