ಪಳಗಿಸಿದ ಕ್ಲಚ್ಚು

ನಮ್ಮ ಹಳೇ ವ್ಯಾನು ಕೆಟ್ಟದ್ದು ಹಳೆಯದಾಗಿದ್ದಕ್ಕಲ್ಲ, ಹೊಸ ಸಾಮಾನು ಹಾಕಿಸಿದ್ದಕ್ಕೆ. ಕೆಡಿಸಿದವಳು ನಾನು. ಮೆಕ್ಯಾನಿಕ್ಕಿನ ತಪ್ಪು ಎಳ್ಳಷ್ಟೂ ಇಲ್ಲ.

ತಿರುವನಂತಪುರದಲ್ಲಿ ಮಗಳು ಸುಮಾಳ ಕೂಸಿಗೆ ನಾಮಕರಣ. ತೊಟ್ಟಿಲು ತವರಿನದ್ದೇ ಆಗಬೇಕೆಂದು ಬೀಗಿತ್ತಿಗೆ ಫೋನಿನಲ್ಲಿ ಘಂಟಾಘೋಷವಾಗಿ ಸಾರಿದ್ದೆ. "ನೀವು ಕೊಳ್ಳೋದೇ ಬೇಡ. ಹನ್ನೊಂದು ಗಂಟೆಗೆ ಮುಹೂರ್ತ ತಾನೆ? ಒಂಬತ್ತಕ್ಕೇ ತೊಟ್ಟಿಲು ನಿಮ್ಮ ಮನೇಲಿರುತ್ತೆ!"

ಹಿಂದಿನ ದಿನ ವ್ಯಾನು ನಾವಿರುವ ತ್ರಿಪ್ಪುಣಿತ್ತುರದಲ್ಲೇ, ಮೆಕ್ಯಾನಿಕ್ಕು ಬಿಜುವಿನ ಗ್ಯಾರೇಜಿನಲ್ಲಿತ್ತು. ಕ್ಲಚ್ ಪ್ಲೇಟು ಸವೆದಿದೆ, ಫ್ಲೈವೀಲೂ ಹೋಗಿದೆ ಎಂದು ಅವನು ಎರಡನ್ನೂ ಹೊಸದು ತರಿಸಿದ. ಯಜಮಾನರು ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು. ಕಾಗದ ಓದುತ್ತ ಕುರ್ಚಿಯಲ್ಲಿ ಕೂತರು. ನಾನು ಓದಿದ್ದು ಮೂರನೇ ಕ್ಲಾಸು. ಸಾಮಾನು ನೋಡುತ್ತ ನಿಂತೆ.

ಫ್ಲೈವೀಲು ಎಂದರೆ ದಪ್ಪನೆಯ ದುಂಡು ಕಬ್ಬಿಣ. ಥೇಟ್ ಕಾವಲಿ!

"ಅಮ್ಮೇ, ತೊಡಲ್ಲೇ. ಮುಟ್ಟಬೇಡಿ," ಎಂದು ಹೇಳಿ ಬಿಜು ಊಟಕ್ಕೆ ಹೋದ.

ಹೊಸ ಕಬ್ಬಿಣವನ್ನು ಎಣ್ಣೆ ಸವರಿ ಪಳಗಿಸದೆ ಬಳಸುವವರುಂಟೇ? ಅದರಲ್ಲೂ ಈ ಊರಿನ ತೇವದ ಗಾಳಿಗೆ! ನನ್ನ ಚೀಲದಲ್ಲಿ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಇತ್ತು. ಫ್ಲೈವೀಲಿಗೆ ಸವರಿದೆ. ಪಕ್ಕದಲ್ಲಿದ್ದ ಪ್ಲೇಟಿಗೆ ಮೋಸ ಮಾಡಬಾರದೆಂದು ಅದಕ್ಕೂ ಸವರಿದೆ. ಅದಂತೂ ಒಣಭೂಮಿಯ ಹಾಗೆ ಕುಡಿಯಿತು. ಆಮೇಲೆ ಬಟ್ಟೆಯಿಂದ ಒರೆಸಿ, ಏನೂ ಅರಿಯದವಳಂತೆ ದೂರ ನಿಂತೆ.

ಬಿಜು ಬಂದು ಜೋಡಿಸಿದ. ಗಲ್ಲಿಯಲ್ಲಿ ಒಂದು ಸುತ್ತು ವ್ಯಾನು ಬೆಣ್ಣೆಯಂತೆ ಓಡಿತು. ನನ್ನ ಎದೆಯುಬ್ಬಿತು.

ಐದು ಗಂಟೆಯ ದಾರಿಯೆಂದು ಮರುದಿನ ಬೆಳಗಿನ ಜಾವ ನಾಲ್ಕಕ್ಕೇ ತೊಟ್ಟಿಲು ಹೇರಿಕೊಂಡು ಹೊರಟೆವು. ಊರು ದಾಟುವ ಮೊದಲೇ ಒಂದು ಮೇಲ್ಸೇತುವೆ. ಅರ್ಧ ಏರಿದ ವ್ಯಾನು ಹುಲಿಯಂತೆ ಗರ್ಜಿಸಿತು. ಮುಂದೆ ಮಾತ್ರ ಹೋಗಲಿಲ್ಲ.

"ಯಾರೋ ಚಿಪ್ಸ್ ಕರೀತಿದಾರೆ ಕಣೇ," ಎಂದು ಯಜಮಾನರು ಮೂಗರಳಿಸಿದರು.

"ಸೇತುವೆ ಮೇಲೆ ಯಾರ್ರೀ ಕರೀತಾರೆ? ಮೊದಲು ಬ್ರೇಕ್ ಹಿಡೀರಿ, ಹಿಂದಕ್ಕೆ ಹೋಗ್ತಿದೀವಿ!"

ಕರಿಯುತ್ತಿದ್ದುದು ನಮ್ಮ ಕ್ಲಚ್ಚು.

ಫೋನು ಮಾಡಿ ಕರೆಸಿದ ಬಿಜು ಬೆಳಕು ಹರಿದ ಮೇಲೆ ಬಂದ. ಬಗ್ಗಿ ಮೂಸಿದ. ನನ್ನ ಕಡೆ ನೋಡಿದ. "ಎಂದಾ ಅಮ್ಮೇ ಇದು? ವೆಳಿಚ್ಚೆಣ್ಣ?"

"ಕೊಬ್ಬರಿ ಎಣ್ಣೆನೇ ಕಣಪ್ಪ. ಸ್ವಲ್ಪ ಸವರಿದ್ದೆ, ಅಂಟಬಾರದು ಅಂತ."

"ಅಯ್ಯೋ, ಅಮ್ಮೇ! ಅದು ದೋಶಕ್ಕಲ್ಲಲ್ಲ, ದೋಸೆ ಕಾವಲಿಯಲ್ಲ!" ಎಂದು ಅವನು ತಲೆಯ ಮೇಲೆ ಕೈಯಿಟ್ಟ. ಪ್ಲೇಟು, ಫ್ಲೈವೀಲು ಒಂದನ್ನೊಂದು ಬಿಗಿಯಾಗಿ ಹಿಡಿದರೆ ಮಾತ್ರ ಗಾಡಿ ಓಡುತ್ತದಂತೆ. ದೋಸೆ ಅಂಟಬಾರದು, ಕ್ಲಚ್ಚು ಅಂಟಲೇಬೇಕು! ಈ ಜ್ಞಾನ ನನಗೆ ಒದಗಿದಾಗ ಗಂಟೆ ಏಳು.

ವ್ಯಾನನ್ನು ಬಿಜುವಿಗೊಪ್ಪಿಸಿ, ಆಟೋದಲ್ಲಿ ತೊಟ್ಟಿಲು ತುರುಕಿ ವೈಟ್ಟಿಲದ ನಿಲ್ದಾಣದಲ್ಲಿ ತಿರುವನಂತಪುರದ ಬಸ್ಸು ಹಿಡಿದೆವು. ತೊಟ್ಟಿಲು ಹಿಂದಿನ ಸೀಟಿನಲ್ಲಿ ಮಹಾರಾಣಿಯಂತೆ ಕೂತಿತು. ಯಜಮಾನರು ಅದನ್ನು ಹಿಡಿದು ನಿಂತರು.

"ಕೊಚ್ಚು ಎವಿಡೆ ಅಮ್ಮೇ, ಮಗು ಎಲ್ಲಿ?" ಎಂದು ಕಂಡಕ್ಟರು ಒಳಗೆ ಇಣುಕಿದ.

"ಮಗು ಮುಂದೆ ಹೋಗಿದೆ," ಎಂದೆ.

ಸುಮಾಳ ಮನೆ ಮುಟ್ಟಿದಾಗ ಎಲ್ಲರೂ ಊಟದ ಕೊನೆಯ ಪಾಯಸಕ್ಕೆ ಬಂದಿದ್ದರು. ಬೀಗಿತ್ತಿ ತಮ್ಮ ಹಳೇ ನೂಲಿನ ಸೀರೆಯನ್ನು ಜೋಲಿ ಕಟ್ಟಿ, ಹೊತ್ತಿಗೆ ಸರಿಯಾಗಿ ಹೆಸರಿಡಿಸಿ ಮುಗಿಸಿದ್ದರು.

"ಬನ್ನಿ ಬೀಗರೇ, ಒಂಬತ್ತಾಯ್ತಾ?" ಎಂದರು.

ನಾನು ತೊಟ್ಟಿಲನ್ನು ನಡುಮನೆಯಲ್ಲಿಟ್ಟೆ. ಕೂಸನ್ನು ನಮ್ಮ ತೊಟ್ಟಿಲಿಗೆ ಹಾಕಿದೆ. ಊರು ಒಂದಾಗುವಂತೆ ಅತ್ತಿತು. ಜೋಲಿಗೆ ಹಾಕಿದ ತಕ್ಷಣ ನಿದ್ದೆ!

ಮರುದಿನ ಬೆಳಿಗ್ಗೆ ನಾನೇ ತೊಟ್ಟಿಲನ್ನು ಬಿಸಿಲಿಗೆಳೆದು, ಕೂಸಿನ ಒದ್ದೆ ಬಟ್ಟೆಗಳನ್ನು ಅದರ ಮೇಲೆ ಒಣಹಾಕಿದೆ. ಆಮೇಲೆ ಒಳಗೆ ಬಂದು ಬೀಗಿತ್ತಿಯ ಸೀರೆ ತೂಗುತ್ತ ಕೂತೆ.